ಚಂದಯ್ಯಣ್ಣನ ಹಿತ್ತಿಲಿನ ವಾಲಿಬಾಲ್ ಕೋರ್ಟು

ಬಾರ್ಕೂರಿನ ನನ್ನ ಕಬ್ಬಿಣದ ಅಂಗಡಿಗೆ ಚಂದಯ್ಯ ಶೆಟ್ಟರು ಬಂದರೆ ನಾನು ಮೊದಲು ಕುರ್ಚಿ ಕೊಡುತ್ತೇನೆ, ಆಮೇಲೆ ಸಾಮಾನು. ಒಂದು ಬೋಲ್ಟು ಕೊಳ್ಳಲೂ ಅವರು ಪುರಾಣ ಹೇಳಬೇಕು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಅನುಮತಿಯಿಲ್ಲದೆ ಮುಂದುಗಡೆ ತಗಡಿನ ಮಾಡು ಇಳಿಸಿ, ಗಿರಾಕಿಗಳ ಎದುರೇ ಅದನ್ನು ಕೀಳಿಸಿಕೊಂಡವರು. ಅಂದಿನಿಂದ ಪರ್ಮಿಶನ್ ಎನ್ನುವುದು ಅವರಿಗೆ ಮನೆದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಊರಿಗೆ ಬಂದು ಕೋಳಿಗೂಡು ಕಟ್ಟಿಸುವಾಗಲೂ ಪಂಚಾಯತಿಗೆ ಹೋಗಿ ಕೇಳಿದ ಪುಣ್ಯಾತ್ಮ.

ಕಳೆದ ದೀಪಾವಳಿ ಮುಗಿದ ಮೇಲೆ ಬಂದವರು ಕೂರಲಿಲ್ಲ.

“ವಾಲಿಬಾಲ್ ಆಡುಕೆ ಎರಡ್ ಕಂಬ, ಒಂದ್ ಬಲೆ ಬೇಕ್. ಪರ್ಮಿಶನ್ ಸಿಕ್ಕಿದ್ ಮೇಲೆ ತಂದ್ ಹಾಕಿ,” ಎಂದರು.

ನಾನು ತಮಾಷೆ ಮಾಡಲಿಲ್ಲ. ಆ ಕೋರ್ಟು ಬೇಕೆಂದವನು ಯಾರೆಂದು ಊರಿಗೇ ಗೊತ್ತಿತ್ತು.

ಅವರ ಮಗ ಮಿಥುನ್. ಕೊಯ್ಲಾದ ಗದ್ದೆಯಲ್ಲಿ ಊರ ಹುಡುಗರೊಂದಿಗೆ ಆಡುತ್ತಿದ್ದ. ಉಳುವ ಕಾಲ ಬಂತೆಂದರೆ ಆಟ ಬಂದ್. ಮನೆ ಹಿಂದೆ ಕಾಂಕ್ರೀಟಿನ ಕೋರ್ಟು ಮಾಡುವ ಎಂದು ಅಪ್ಪನಿಗೆ ದುಂಬಾಲು ಬಿದ್ದಿದ್ದ. ಜಾಗದ ನಟ್ಟನಡುವೆ ಒಂದು ಮಾವಿನ ಮರ.

“ಜೀಂವ ಇಪ್ಪ ಮರ. ಕಡೂಕೆ ನಾ ಪರ್ಮಿಶನ್ ಕೊಡುದಿಲ್ಲೆ.”

“ಹಾಂಗಾರೆ ಮರದತ್ರವೇ ಕೇಂತೆ, ಅಪ್ಪಯ್ಯ,” ಎಂದು ಮಗ ನಗುತ್ತಿದ್ದ.

ದೀಪಾವಳಿಗೆ ಮುಂಚಿನ ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ನಮ್ಮ ಕಡೆ ಹಲವು ಮನೆಗಳಲ್ಲಿ ಸತ್ತವರನ್ನು ಸ್ವಂತ ಜಾಗದಲ್ಲೇ ಸುಡುವುದು. ಚಿತೆಗೆ ಹಿತ್ತಿಲಿನ ಮಾವಿನ ಮರ. ಚಂದಯ್ಯಣ್ಣನ ಹಿತ್ತಿಲಿನಲ್ಲಿ ಮಾವು ಇದ್ದದ್ದು ಅದೊಂದೇ. ಕೊಡಲಿ ಹಿಡಿದವರು ಅವರ ಮುಖ ನೋಡಿದರು. ಅವರು ಹ್ಞೂಂ ಎಂದರು. ಮಗ ಕೇಳಿದ ಪರ್ಮಿಶನ್ ಹಾಗೆ ಸಿಕ್ಕಿತು.

ಉತ್ತರಕ್ರಿಯೆ ಮುಗಿದ ಮೇಲೆ ತಾಯಿ ಗುಲಾಬಕ್ಕ ಚಿತೆಯ ಜಾಗದಲ್ಲಿ ತೆಂಗಿನ ಸಸಿ ನೆಟ್ಟರು. ತಂದೆ ಕೋರ್ಟಿನ ಹಿಂದೆ ಬಿದ್ದರು. ಪಂಚಾಯತಿಯವರು “ಮನಿ ಹಿಂದೆ ಚೆಂಡ್ ಆಡುಕೆ ಕಾಗ್ದ ಎಂತಕ್ಕೆ ಮಾರ್ರೆ?” ಎಂದರೂ ಬಿಡದೆ, ಕಾಂಕ್ರೀಟು ಹಾಕಲಿಕ್ಕಿದೆ, ದೀಪದ ಕಂಬ ನಿಲ್ಲಿಸಲಿಕ್ಕಿದೆ ಎಂದು ಕೂತರು. ಹಾಗಾದರೆ ಪಕ್ಕದ ಮನೆಯವರ ಒಪ್ಪಿಗೆ ತನ್ನಿ ಎಂದಾಯಿತು. ಪಕ್ಕದ ಮನೆಯೆಂದರೆ ಚಂದಯ್ಯಣ್ಣನ ತಮ್ಮ ಕಿಟ್ಟನದು.

“ಹ್ವಾಯ್ ಅಣ್ಣಯ್ಯ, ಚೆಂಡ್ ನಮ್ಮನಿ ಹೆಂಚಿಗ್ ಬಿದ್ರೆ?”

“ಮಂಗ ದಿನಾ ಹಾರತ್ತಲೆ, ಅದಕ್ಕೆ ಎಂತ ಮಾಡ್ತೆ ನೀ?”

“ಮಂಗ ಪಂಚಾಯ್ತಿಗ್ ಹೋಯಿ ಪರ್ಮಿಶನ್ ಕೇಂತಿಲ್ಲೆ. ಅದಕ್ಕೇ ಸುಮ್ನಿದ್ದೆ.”

ಹಾಗೆನ್ನುತ್ತಲೇ ಕಿಟ್ಟ ಸಹಿ ಹಾಕಿದ. “ಹೆಂಚ್ ಒಡದ್ರ್ ಒಡಿಲಿ ಅಣ್ಣಯ್ಯ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಂಬ, ಬಲೆ ಹೇರಿಕೊಂಡು ನಾನೇ ಟೆಂಪೋದಲ್ಲಿ ಹೋದೆ. ಚಂದಯ್ಯಣ್ಣ ಹಿತ್ತಿಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆ ಸಸಿಯ ಬುಡಕ್ಕೆ ಬಂದು ನಿಂತಿತ್ತು. ಗುಲಾಬಕ್ಕ ಅಲ್ಲಿ ನೀರು ಹೊಯ್ಯುತ್ತಿದ್ದರು.

“ಗುಲಾಬಿ, ಎಲ್ಲರ್ ಒಪ್ಪಿಗೆಯೂ ಸಿಕ್ಕಿತ್. ಈ ಸಸಿ ಒಂದ್ ತೆಗ್ದ್ ಆಚಿಗ್ ನೆಡುವ. ಅವ್ನ್ ಆಸೆ ಅಲ್ದಾ?”

“ನನ್ನತ್ರ ಕೇಂಡ್ರ್ಯಾ?”

“ಈಗ ಕೇಂತಿದ್ದೆ ಅಲ್ದಾ.”

ಗುಲಾಬಕ್ಕ ಕೊಡಪಾನ ಕೆಳಗಿಟ್ಟರು. “ಅಂವ ಕೇಂಬ ಹೊತ್ತಿಗೆ ನಿಮ್ಗೆ ಮರ ದೊಡ್ಡದಾಯ್ತ್. ಈಗ ನಂಗೆ ಈ ಸಸಿ ದೊಡ್ಡದ್.”

ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ಚಂದಯ್ಯಣ್ಣ ವಾದಕ್ಕೆ ಇಳಿಯುತ್ತಿದ್ದರು. ವಾದದಲ್ಲಿ ಅವರನ್ನು ಸೋಲಿಸಿದವರು ನಮ್ಮೂರಲ್ಲಿಲ್ಲ. ಅವರು ಟೆಂಪೋದಿಂದ ಇಳಿಸಿದ ಕಂಬದ ಮೇಲೆಯೇ ಕೂತರು. ಸುಣ್ಣದ ಕೈಯಲ್ಲೇ ಮುಖ ಒರೆಸಿಕೊಂಡರು. ಮುಖವೆಲ್ಲ ಬಿಳಿಯಾಯಿತು. ಯಾರೂ ನಗಲಿಲ್ಲ.

“ಕಂಬ ವಾಪಸ್ ತಕಂಡ್ ಹೋಯ್ನಿ,” ಎಂದರು ನನಗೆ.

ಮಾರಿದ ಮಾಲು ವಾಪಸಿಲ್ಲ ಎಂದು ನನ್ನ ಅಂಗಡಿಯಲ್ಲಿ ಬೋರ್ಡಿದೆ. ಬರೆಸುವಾಗ ಇಂಥ ಗಿರಾಕಿ ನನ್ನ ತಲೆಯಲ್ಲಿರಲಿಲ್ಲ. ಕಂಬ ಹೇರಿದೆ. ಬಲೆ ಎತ್ತಲು ಬಗ್ಗಿದಾಗ “ಅದ್ ಇರ್ಲಿ,” ಎಂದರು.

ಬಿದಿರಿನ ಗೂಟ ತಂದು ಸಸಿಯ ಸುತ್ತ ಹುಗಿದರು. “ದನ ಬತ್ತ್. ಇದಿಷ್ಟ್ ಕಟ್ಲಕ್ಕಾ, ಗುಲಾಬಿ?”

ಗುಲಾಬಕ್ಕ ಬಲೆಯ ಇನ್ನೊಂದು ತುದಿ ಹಿಡಿದುಕೊಂಡರು.

ಚೆಂಡಿಗೆಂದು ಹೆಣೆದ ಬಲೆ ಅದು. ಅದರ ಕಣ್ಣಿನಲ್ಲಿ ಕರುವಿನ ಮೂತಿ ಸಲೀಸಾಗಿ ತೂರುತ್ತದೆ. ದನ ತಡೆಯುವ ತಂತಿ ಜಾಲರಿ ನನ್ನ ಅಂಗಡಿಯಲ್ಲೇ ಇದೆ. ಹೇಳಲಿಲ್ಲ. ಟೆಂಪೋ ತಿರುಗಿಸಿಕೊಂಡು ಬಂದೆ.