ಡ್ರಿಲ್ ಮೇಷ್ಟ್ರ ಮೊಳೆ ಚಪ್ಪಲಿ

ಮೂವತ್ತೆರಡು ವರ್ಷ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ನಡೆಸಿದ ಡ್ರಿಲ್ ಮೇಷ್ಟ್ರು ನಿವೃತ್ತರಾದ ಮೇಲೆ ಮನೆ ಹಿಂದಿನ ಹುಲ್ಲುಹಾಸನ್ನೇ ಮೈದಾನ ಮಾಡಿಕೊಂಡರು. ದಿನಾ ಬೆಳಗ್ಗೆ ಬೂಟು ತೊಟ್ಟು ಗೋಡೆಯಿಂದ ಗೋಡೆಗೆ ಅರವತ್ತು ಸುತ್ತು. ಎರಡು ವರ್ಷದಲ್ಲಿ ನೆಲ ಕಲ್ಲಾಯಿತು, ಹುಲ್ಲು ಹಳದಿಗೆ ತಿರುಗಿತು. ಗೊಬ್ಬರ ಹಾಕಿದರು, ಗದರಿಯೂ ನೋಡಿದರು. ಹುಲ್ಲು ಎರಡಕ್ಕೂ ಜಗ್ಗಲಿಲ್ಲ.

ಗಿಡ ಮಾರುವ ನರ್ಸರಿಯಮ್ಮ ಬಂದು ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಅರ್ಧ ಇಂಚೂ ಇಳಿಯಲಿಲ್ಲ.

"ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿನೇ ಇಲ್ಲ, ಮೇಷ್ಟ್ರೇ. ಹಿಂದಿನ ದಿನ ಸ್ವಲ್ಪ ನೀರು ಬಿಟ್ಟು, ತೋಟ ಅಗೆಯೋ ಫೋರ್ಕಲ್ಲಿ ಗೇಣಿಗೊಂದು ತೂತು ಹೊಡೀರಿ."

ಬಗ್ಗಿ ಮಾಡುವ ಕೆಲಸ ಮೇಷ್ಟ್ರ ಜಾಯಮಾನಕ್ಕೆ ಒಗ್ಗದು. ಅಂಗಡಿಗೆ ಹೋಗಿ, ಅಡಿಯಲ್ಲಿ ಬೆರಳುದ್ದದ ಮೊಳೆಗಳಿದ್ದ, ಬೂಟಿಗೆ ಕಟ್ಟಿಕೊಳ್ಳುವ ಚಪ್ಪಲಿ ತಂದರು.

"ನಡೆದ್ರೆ ಸಾಕು ಕಣೆ, ತೂತು ತಾನಾಗೇ ಬೀಳುತ್ತೆ!"

"ನಡೆದೇ ಅಲ್ವಾ ಇದು ಹಾಳಾಗಿದ್ದು?" ಎಂದರು ಹೆಂಡತಿ.

ಸ್ವಲ್ಪ ನೀರು ಎಂದರೆ ಮೇಷ್ಟ್ರ ಪ್ರಕಾರ ಮಧ್ಯಾಹ್ನವಿಡೀ ಪೈಪು. ಮರುದಿನ ಬೆಳಗ್ಗೆ ಹುಲ್ಲಿನ ನಟ್ಟನಡುವೆ ನಿಂತು, ತಮಗೆ ತಾವೇ ಆಜ್ಞೆ ಕೊಟ್ಟುಕೊಂಡು, ಎರಡೂ ಕಾಲು ಅಪ್ಪಳಿಸಿದರು. ಮೊಳೆಗಳು ಬುಡದವರೆಗೆ ಇಳಿದವು. ಮೇಲೆ ಮಾತ್ರ ಬರಲಿಲ್ಲ. ಪಟ್ಟಿ ಬಿಚ್ಚಲು ಬಗ್ಗಬೇಕು, ಬಗ್ಗಿದರೆ ಮಂಡಿ ಕಿರುಚುತ್ತದೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯವರು ಇಣುಕಿದರು.

"ಏನ್ ಮೇಷ್ಟ್ರೇ, ಹಾಗೇ ನಿಂತಿದ್ದೀರಿ?"

"ಉಸಿರಾಟದ ವ್ಯಾಯಾಮ," ಎಂದರು ಮೇಷ್ಟ್ರು, ಎದೆ ಉಬ್ಬಿಸಿ.

ಆ ಮನುಷ್ಯ ಮಾತಿನ ಮಲ್ಲ. ತನ್ನ ಹಲ್ಲುನೋವಿನ ಕಥೆಯನ್ನು ಬುಡದಿಂದ ತುದಿಯವರೆಗೆ ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅವರು ಅತ್ತ ಹೋದದ್ದೇ ತಡ, ಮೇಷ್ಟ್ರು ಪಿಸುಗುಟ್ಟಿದರು: "ಲೇ... ಕತ್ತರಿ ತಗೊಂಡು ಬಾರೆ!"

ಹೆಂಡತಿ ಬಂದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ನಗು ತಡೆಯಲಾಗದೆ ಅಲ್ಲೇ ಕುಕ್ಕರಿಸಿದರು. ಪಟ್ಟಿ ಕತ್ತರಿಸಿದ ಮೇಲೆ ಮೇಷ್ಟ್ರು ಈಚೆ ಬಂದರು. ಚಪ್ಪಲಿ ಅಲ್ಲೇ ನಿಂತಿತ್ತು.

ಎರಡು ದಿನ ನೆಲ ಆರಲು ಬಿಟ್ಟು, ಹೆಂಡತಿಯೇ ಫೋರ್ಕು ಹಿಡಿದರು. ಚುಚ್ಚುವುದು, ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ಅಲುಗಿಸುವುದು, ಒಂದು ಗೇಣು ಸರಿಯುವುದು. ತೀರಾ ಗಟ್ಟಿಯಾದ ಜಾಗಕ್ಕೆ ನರ್ಸರಿಯಮ್ಮ ಟೊಳ್ಳು ಕೊಳವೆಯ ಸಲಕರಣೆ ಕೊಟ್ಟರು. ಅದು ಚುಚ್ಚಿದಲ್ಲೆಲ್ಲ ಮಣ್ಣಿನ ಉಂಡೆ ಕಿತ್ತು ಹೊರಗೆ ಹಾಕಿತು. ಹುಲ್ಲಿನ ತುಂಬಾ ಆಡಿನ ಹಿಂಡು ಹಿಕ್ಕೆ ಹಾಕಿ ಹೋದಂತೆ ಕಂಡಿತು.

"ಗುಡಿಸಿ ಎತ್ತಲಾ?" ಎಂದರು ಮೇಷ್ಟ್ರು.

"ಬೇಡ, ಒಣಗಿ ಪುಡಿಯಾಗುತ್ತೆ ಅಂದಿದ್ದಾರೆ. ನೀವು ತೂತುಗಳಿಗೆ ಮರಳು ತಳ್ಳಿ."

ಮೇಷ್ಟ್ರು ಪೊರಕೆ ಹಿಡಿದು, ಹೇಳಿದ ಕಡೆ ಹೇಳಿದಷ್ಟೇ ಮರಳು ತಳ್ಳಿದರು.

ತಿಂಗಳೊಳಗೆ ಹುಲ್ಲು ಚಿಗುರಿತು. ನೋಡಿದವರೆಲ್ಲ ಹೊಗಳುವಾಗ ಮೇಷ್ಟ್ರಿಗೆ ಮೀಸೆ ತಿರುವುವ ಆಸೆ ಹುಟ್ಟಿತು. ಆದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಎಲ್ಲಾ ಇವಳದ್ದೇ," ಎಂದುಬಿಟ್ಟರು. ಆಮೇಲೆ ಮೀಸೆಯ ಒಂದೇ ತುದಿ ತಿರುವಿ, "ಮರಳು ಮಾತ್ರ ನಂದು," ಎಂದರು.