ಕಂಬಳಿಯ ಮೇಲೆ ನಾನಾಡಿದ ಮಾತು

ಜನವಿಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಒಂದು ಇಂಗ್ಲಿಷ್ ಕಾದಂಬರಿಯನ್ನು ಗದ್ವಾಲದ ಕಾಲೇಜಿನಲ್ಲಿ ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಶಂಖ ಹಿಡಿದವನಿಗೆ ಮಾತ್ರ ಅಲ್ಲಿ ಮಾತಾಡುವ ಹಕ್ಕು. ಅದು ಒಡೆದ ದಿನ ಹುಡುಗರೊಳಗಿನ ನಾಗರಿಕತೆಯೂ ಒಡೆಯಿತು, ಅಧಿಕಾರ ಈಟಿ ಹಿಡಿದವನ ಪಾಲಾಯಿತು. ಪರೀಕ್ಷೆಗೆ ಇಷ್ಟು ಸಾಕು. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸುತ್ತೇನೆ. ಮಕ್ಕಳದ್ದು ಗಿಳಿಪಾಠ. ನನ್ನದೂ ಅದೇ.

ಶಂಖ ಅರ್ಥವಾಗದವರಿಗೆ ನಮ್ಮ ಕಂಬಳಿಯ ಉದಾಹರಣೆ ಕೊಡುತ್ತಿದ್ದೆ. ನಮ್ಮದು ಗಟ್ಟು ಊರಿನ ಕಡೆಯ ಕುರಿ ಕಾಯುವ ಮನೆತನ. ಏನಾದರೂ ತಕರಾರು ಬಂದರೆ ಬೀರಪ್ಪನ ಗುಡಿ ಮುಂದೆ ಕರಿಕಂಬಳಿ ಹಾಸಿ, ನಡುವೆ ಭಂಡಾರ ಇಡುತ್ತಾರೆ, ಅಂದರೆ ದೇವರ ಅರಿಶಿನ. ಒಂದು ಹಿಡಿ ಭಂಡಾರ ಎತ್ತಿಕೊಂಡವನು ಅದನ್ನು ಕೆಳಗೆ ಬಿಡುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಒಬ್ಬರಿಗೆ ಒಂದೇ ಸರದಿ. ಹಿಡಿದು ಆಡಿದ ಮಾತು ಆಣೆಗೆ ಸಮ. ಹೆಂಗಸರು ಮಾತು ಕೇಳಿಸದಷ್ಟು ದೂರ, ಬೇವಿನ ಕಟ್ಟೆಯ ಹತ್ತಿರ ಕೂರಬೇಕು. ಈ ಕೊನೆಯದನ್ನು ಮಾತ್ರ ತರಗತಿಯಲ್ಲಿ ಹೇಳುತ್ತಿರಲಿಲ್ಲ.

ಹೋದ ವರ್ಷ ನಮ್ಮ ಅಕ್ಕನ ಪಂಚಾಯಿತಿ ಕೂಡಿತು. ಅವಳ ಗಂಡನ ಮನೆ ಧರೂರಿನ ಹತ್ತಿರ. ಅಲ್ಲಿಂದ ತಪ್ಪಿಸಿಕೊಂಡು ಬಂದವಳು ಅಡುಗೆಮನೆಯಲ್ಲಿ ಕುಪ್ಪಸದ ತೋಳು ಮೇಲೆ ಸರಿಸಿ ಮೂರು ಬರೆ ತೋರಿಸಿದಳು. ಗಂಡ ಸೌಟು ಕಾಯಿಸಿ ಎಳೆದದ್ದು.

"ಇದೊಂದು ಹೇಳು ತಮ್ಮಾ. ಇದು ಕೇಳಿದ ಮ್ಯಾಲ ಯಾರೂ ನನ್ನ ಅಲ್ಲಿಗೆ ಕಳಸಂಗಿಲ್ಲ," ಅಂದಳು.

ಅಪ್ಪ ಇಲ್ಲ. ಅವಳ ಪರವಾಗಿ ಭಂಡಾರ ಹಿಡಿಯಬೇಕಾದವನು ನಾನೇ. ಓದಿದವನು ಬೇರೆ, ಮಾತಾಡುವುದೇ ನನ್ನ ಕಸುಬು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಕಾಲೇಜಿನಿಂದ ನೇರ ಬೈಕಿನಲ್ಲಿ ಹೋದೆ.

ಹಿರಿಯರು ಆಗಲೇ ಕೂತಿದ್ದರು. ಭಾವ ತನ್ನ ಅಣ್ಣಂದಿರ ನಡುವೆ ಸಾಧುವಿನ ಹಾಗೆ ತಲೆ ತಗ್ಗಿಸಿಕೊಂಡಿದ್ದ. ನನ್ನನ್ನು ಕರೆದರು. ಹೋಗಿ ಬಗ್ಗಿ ಭಂಡಾರ ಎತ್ತಿದೆ. ಬಾಯಿ ತೆರೆಯುವಷ್ಟರಲ್ಲಿ, ಎಲ್ಲರೂ ನನ್ನ ಮುಖ ಬಿಟ್ಟು ಕಾಲು ನೋಡುತ್ತಿದ್ದುದು ಗೊತ್ತಾಯಿತು. ಬೂಟು ಹಾಕಿಕೊಂಡೇ ಕಂಬಳಿ ತುಳಿದಿದ್ದೆ.

ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಭಂಡಾರ ನನ್ನ ಕೈಯಲ್ಲಿತ್ತಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಿಂದೆ ಸರಿದು, ಒಂದೇ ಕೈಯಲ್ಲಿ ಲೇಸು ಬಿಚ್ಚಲು ಒದ್ದಾಡಿ, ಬೆವತು, ಬರಿಗಾಲಲ್ಲಿ ಮತ್ತೆ ಬಂದು ನಿಂತೆ.

"ತಪ್ಪಾತ್ರಿ," ಅಂದೆ. "ಪ್ಯಾಟಿ ಸೇರಿದ್ರೂ ನಾ ನಿಮ್ಮವನ ಅದೀನ್ರಿ. ಈ ಕಂಬಳಿ ಮ್ಯಾಲ ಬೆಳದಾವ. ನೀವು ಹಾಕಿದ ಗೆರಿ ದಾಟಂಗಿಲ್ಲ. ನಿಮ್ಮ ಮಾತ ನನ್ನ ಮಾತು."

ಒಬ್ಬ ಮುದುಕರು ತಲೆದೂಗಿದರು. ಇನ್ನೊಬ್ಬರು ಕಣ್ಣೊರೆಸಿಕೊಂಡರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಮನೆಯವನಾದೆ ಅನ್ನುವ ಹಿಗ್ಗು. ಕೈ ಮುಗಿಯಲು ಹೋದೆ. ಮುಷ್ಟಿ ಬಿಚ್ಚಿ ಭಂಡಾರವೆಲ್ಲ ಕಂಬಳಿಯ ಮೇಲೆ ಬಿತ್ತು.

"ಬಂಗಾರದಂಥ ಮಾತು ಆಡಿದ್ರಿ ಸಾರು," ಅಂದರು ದೊಡ್ಡ ಹಿರಿಯರು. "ಹುಡುಗಿ ನಾಳಿ ಗಂಡನ ಮನಿಗೆ ಹೋಗ್ಲಿ. ಅವನಿಗೆ ಬುದ್ಧಿ ಹೇಳ್ತೀವಿ."

"ಇನ್ನೊಂದು ಹೇಳೂದು ಐತ್ರಿ..."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನಿಮ್ಮ ಸರದಿ ಮುಗೀತ್ರಿ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಪ್ರೀತಿಯೇ ಇತ್ತು. ಪಕ್ಕಕ್ಕೆ ಸರಿದು ಕೂತೆ.

ಅಲ್ಲಿ ಯಾರೂ ಕೂಗಾಡಲಿಲ್ಲ. ಆ ಕಾದಂಬರಿಯ ಹುಡುಗರ ಹಾಗೆ ಮುಖಕ್ಕೆ ಬಣ್ಣ ಬಳಿದುಕೊಂಡವರು, ಈಟಿ ಹಿಡಿದವರು ಯಾರೂ ಇರಲಿಲ್ಲ. ಒಂದು ನಿಯಮವೂ ಮುರಿಯಲಿಲ್ಲ. ನನ್ನ ಪಾಠದ ಲೆಕ್ಕದಲ್ಲಿ ನಾಗರಿಕತೆ ಗಟ್ಟಿಮುಟ್ಟಾಗಿಯೇ ಇತ್ತು. ಎದ್ದು ಕೂಗಬಹುದಿತ್ತು, ಅಕ್ಕನನ್ನು ಕರೆತಂದು ತೋಳು ತೋರಿಸಬಹುದಿತ್ತು. ಕೂತಲ್ಲೇ ಕೂತೆ. ಅಳು ಬರಲಿಲ್ಲ. ಅವತ್ತಿನಿಂದ ಒಳಗೆಲ್ಲೋ ಮರಗಟ್ಟಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಈ ವರ್ಷವೂ ಅದೇ ನೋಟ್ಸ್ ಬರೆಸಿದ್ದೇನೆ.

ಮರುದಿನ ಬೆಳಗ್ಗೆ ಅಕ್ಕನನ್ನು ಬಸ್ಸಿಗೆ ಬಿಡಲು ಹೋದೆ. ಭಾವ ಚೀಲ ಹಿಡಿದು ಮುಂದೆ ನಿಂತಿದ್ದ. ಅಕ್ಕ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ಕೈ ಸುಟ್ಟದ್ದು ಹೇಳಿದ್ಯೇನು?"

"ಹೇಳಿದೆ," ಅಂದೆ.

ಅವಳು ಕುಪ್ಪಸದ ತೋಳು ಕೆಳಕ್ಕೆ ಎಳೆದುಕೊಂಡಳು.

"ಹಂಗಾರ ಕೇಳಿಯೂ ಕಳಸಾಕತ್ಯಾರ," ಅಂದು ಬಸ್ಸು ಹತ್ತಿದಳು.