ಅಕ್ಕ ನನಗೆ ‘ರಿ’ ಅಂದ ಎರಡು ವರ್ಷ

ಬೆಳಿಗ್ಗೆ ಟ್ರಂಕು ತೆರೆದರೆ ತೋಳು ಹರಿದ ನೀಲಿ ಅಂಗಿ ಕೈಗೆ ಬಂತು. ಹರಿದವಳು ನನ್ನ ಅಕ್ಕ, ಹರಿದದ್ದು ಗಂಗಾವತಿಯ ಟಾಕೀಸಿನಲ್ಲಿ, ಅದೂ ಮಟಮಟ ಮಧ್ಯಾಹ್ನ. ನಗಬೇಡಿ, ಪೂರ್ತಿ ಕೇಳಿ.

ಅಕ್ಕನ ಹೊಸ ಮನೆಯ ಗೃಹಪ್ರವೇಶದಲ್ಲಿ ಅವಳ ಅತ್ತೆಮನೆಯವರೆಲ್ಲರ ಮುಂದೆ ನಾನು, "ನಮ್ಮಕ್ಕ ಗೊರಕಿ ಹೊಡದ್ರ ಅತ್ತ ಕುಕನೂರಾಗ ಮನಿ ಮ್ಯಾಲಿನ ತಗಡ ಹಾರ್ತಾವ್ರಿ" ಎಂದುಬಿಟ್ಟಿದ್ದೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಮರುದಿನದಿಂದ ನನಗೆ ‘ರಿ’ ಹಚ್ಚತೊಡಗಿದಳು. "ಬರ್ರಿ. ಕುಂದರ್ರಿ. ಚಾ ತಗೋರಿ." ನಮ್ಮ ಕಡೆ ಬಸ್ಸಿನ ಕಂಡಕ್ಟರನೂ ರಿ ಇಲ್ಲದೆ ಮಾತಾಡುವುದಿಲ್ಲ, ನಿಜ. ಆದರೆ ಒಡಹುಟ್ಟಿದವನಿಗೆ ರಿ ಅಂದರೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ. ಹೀಗೆ ಎರಡು ವರ್ಷ! ಅವಳ ಬಾಯಲ್ಲಿ ಒಂದು ‘ಲೇ’ ಕೇಳಲು ನನ್ನ ಜೀವ ಒದ್ದಾಡುತ್ತಿತ್ತು. ತಪ್ಪಾಯಿತು ಅನ್ನಬಹುದಿತ್ತಲ್ಲ ಎನ್ನುತ್ತೀರಿ. ಅನ್ನಬಹುದಿತ್ತು. ಸೊಕ್ಕು ನೋಡಿ.

ಕೊನೆಗೆ ಭಾವ ತಲೆ ಓಡಿಸಿದರು. ಎರಡು ಟಿಕೆಟ್ ತಂದು, "ಅಕ್ಕ-ತಮ್ಮನ ಪಿಚ್ಚರ್ ಬಂದೈತಿ. ಇಬ್ಬರೂ ಛಲೋತ್ನಂಗ ಅತ್ತು ಬರ್ರಿ" ಎಂದರು. ಪೋಸ್ಟರಿನಲ್ಲಿ ಅಕ್ಕ ತಮ್ಮನಿಗೆ ತುತ್ತು ತಿನ್ನಿಸುತ್ತಿದ್ದಳು. ಪಾಪ, ಅವರಿಗೇನು ಗೊತ್ತು!

ಪಿಚ್ಚರಿನ ಅಕ್ಕನಿಗೆ ತಲೆ ಕೆಟ್ಟಿತ್ತು. ತಮ್ಮ ತನ್ನನ್ನು ಬಿಟ್ಟು ಹೋದಾನೆಂಬ ಭಯಕ್ಕೆ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ನಗುನಗುತ್ತ ಉಣ್ಣಿಸುವಳು. ಏನು ಸವಿಮಾತು! ಒಂದೊಂದಕ್ಕೂ ನನ್ನ ಮೈ ಜುಮ್ಮೆನ್ನುತ್ತಿತ್ತು.

"ಅಕ್ಕಾರ, ಈಕಿ ಥೇಟ್ ನಿಮ್ಮಂಗ ಮಾತಾಡ್ತಾಳ್ರಿ" ಎಂದು ಪಿಸುಗುಟ್ಟಿದೆ.

"ಹೌದೇನ್ರಿ" ಎಂದಳು ಅಕ್ಕ.

ಆ ತಮ್ಮ ಹೇಗೋ ಪಾರಾಗಿ ಹೊರಬಾಗಿಲ ಚಿಲಕಕ್ಕೆ ಕೈ ಹಾಕಿದ. ಬಾಗಿಲಾಚೆ ಅವಳೇ ನಿಂತಿದ್ದಳು. ನಮ್ಮಕ್ಕ ದಡಕ್ಕನೆ ಎದ್ದು ನನ್ನ ತೋಳು ಜಗ್ಗಿ, "ಲೇ ಮಂಗ್ಯಾ, ತಗೀಬ್ಯಾಡಲೇ!" ಎಂದು ಕಿರುಚಿದಳು. ಅಂಗಿ ಪರ್ ಎಂದಿತು. ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು.

ನನಗೋ ಕುಣಿಯುವಷ್ಟು ಖುಷಿ. "ಅಕ್ಕಾ, ಲೇ ಅಂದಿ!"

"ನಿಮಗಲ್ರಿ. ಪಿಚ್ಚರಿನ ಹುಡುಗಗ ಅಂದೆ."

ಸೊಕ್ಕು ಎಲ್ಲಿ ಹೋಯಿತೋ! "ತಪ್ಪಾತ ಅಕ್ಕಾ. ಮಂದಿ ಮುಂದ ನಿನ್ನ ನಗಿಪಾಟಲ ಮಾಡಬಾರದಿತ್ತು" ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ಇಷ್ಟ ಅನ್ನಾಕ ಇಂಥಾ ಪಿಚ್ಚರ್ ಬೇಕಾತೇನಲೇ ನಿನಗ?" ಎಂದು ತಲೆಗೆ ಮೊಟಕಿ ಅತ್ತೇಬಿಟ್ಟಳು. ನಾನೂ ಅತ್ತೆ. ಹಿಂದಿನ ಸಾಲಿನ ಹಿರಿಯರೊಬ್ಬರು, "ಅಂಜಬ್ಯಾಡ್ರಿ, ಪಿಚ್ಚರ್‌ನ್ಯಾಗ ಎಲ್ಲಾ ಸುಳ್ಳ ಇರತೈತಿ" ಎಂದು ಸಮಾಧಾನ ಹೇಳಿದರು.

ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಈಗ ಹಾಗೆ, ಕೇಳಿಯೇ ಬಾಯಿ ಬಿಡುತ್ತೇನೆ. ಎಲ್ಲಿ ಮತ್ತೆ ರಿ ಹಚ್ಚುತ್ತಾಳೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಬರೀಲೇ" ಎಂದಳು. "ನೀ ಬಿಟ್ರ ನನ್ನ ಸುದ್ದಿ ಬರಿಯೋರ ಯಾರದಾರ?"